ಜಲಜಮ್ಮನ ಬಿಳಿ ದಾಸವಾಳ

"ಇವು ಒಣಗಿದ್ರೆ ನಮ್ಮವ್ವ ನನ್ನ ಮನೆ ಸೇರಿಸಲ್ಲ."

ಒದ್ದೆ ಗೋಣಿಯಲ್ಲಿ ಸುತ್ತಿದ್ದ ದಾಸವಾಳದ ಕಡ್ಡಿಗಳನ್ನು ಮಾಸ್ತಪ್ಪ ವರದಾಳ ಕೈಗಿಟ್ಟ. ಬೆರಳಿಗೆ ಬೆರಳು ತಾಗಿತು. ಹೆಣ್ಣು ನೋಡಿ ಹೋದ ಮೇಲೆ ಅವನು ಒಬ್ಬನೇ ಬಂದದ್ದು ಇದೇ ಮೊದಲು.

"ಬದುಕ್ತಾವಾ?"

"ನನ್ನ ಕೈಲಿ ಸತ್ತಿದ್ದು ಯಾವ್ದೂ ಇಲ್ಲ."

ಹಾಗೆ ಹೇಳಬಾರದಿತ್ತು ಅವಳು...

ಅದು ಅರವತ್ನಾಲ್ಕರ ಮಳೆಗಾಲ. ಶರಾವತಿಯ ಹಿನ್ನೀರು ಮಾಸ್ತಪ್ಪನ ಊರಿಗೆ ಏರುತ್ತಿತ್ತು. ಮನೆಯವರು ಆಗಲೇ ಹೊಸನಗರದ ಕಡೆಗೆ ಬಂದಿದ್ದರು. ಅವನ ತಾಯಿ ಜಲಜಮ್ಮನದು ಒಂದೇ ಹಟ. ಹಳೇ ಅಂಗಳದ ಬಿಳಿ ದಾಸವಾಳ ಮತ್ತೆ ಹೂ ಬಿಡಬೇಕು, ಆಮೇಲೆಯೇ ಮದುವೆ. ರಿಪ್ಪನ್‌ಪೇಟೆಯ ವರದಾಳ ಕೈಗುಣ ಸುತ್ತಲಿನವರಿಗೆಲ್ಲ ಗೊತ್ತಿತ್ತು.

ವರದಾ ಕಡ್ಡಿಯ ಬುಡವನ್ನು ಓರೆಯಾಗಿ ಕತ್ತರಿಸಿದಳು. ಕೆಳಗಿನ ಎಲೆ ಕಿತ್ತು, ಮರಳು ಬೆರೆಸಿದ ಮಣ್ಣಿನಲ್ಲಿ ಊರಿ, ಮಡಕೆಯನ್ನು ನೆರಳಲ್ಲಿಟ್ಟಳು. ಬೇಗನೆ ಚಿಗುರಿದವು. ಕಂಡವರಿಗೆಲ್ಲ ತೋರಿಸಿದಳು, ಪಾಪ!

ಆಮೇಲೆ ಚಿಗುರು ಜೋತುಬಿತ್ತು. ಒಂದನ್ನು ಎಳೆದು ನೋಡಿದರೆ ಬೇರೇ ಬಿಟ್ಟಿಲ್ಲ, ಬುಡ ಕಪ್ಪಗೆ ಕೊಳೆತಿದೆ. ಎಲ್ಲವೂ ಹಾಗೆಯೇ. ಅಷ್ಟರಲ್ಲಿ ಮಾಸ್ತಪ್ಪನ ಊರು ಪೂರ್ತಿ ಮುಳುಗಿತ್ತು, ಇನ್ನೊಂದು ಕಡ್ಡಿ ತರಲು ಗಿಡವೇ ಇರಲಿಲ್ಲ.

'ಈ ಮದುವೆ ತಪ್ಪಿದರೆ ನಾನು ಹೇಗೆ ಬದುಕಲಿ...'

ಯಾರದೋ ಬೇಲಿಯಿಂದ ದಾಸವಾಳದ ಕಡ್ಡಿ ಮುರಿದು ತಂದು ಅದೇ ಮಡಕೆಯಲ್ಲಿ ಊರಿದಳು. ಆ ಮಳೆಯಲ್ಲಿ ಬೇಲಿಯಲ್ಲಿ ಒಂದೂ ಹೂವಿರಲಿಲ್ಲ. ಬಣ್ಣ ಯಾವುದೋ ದೇವರೇ ಬಲ್ಲ.

ಅದು ಬೇರು ಬಿಟ್ಟಿತು. ಮಾಸ್ತಪ್ಪ ಸಂತೆಗೆ ಬಂದಾಗಲೆಲ್ಲ ಬಂದು ನೋಡುವನು. ಗಿಡ ಕಂಡದ್ದೇ ಅವನ ಮುಖ ಬಾಡುವುದು, ನೀರೂ ಕುಡಿಯದೆ ಹೊರಟುಬಿಡುವನು. ಅವನಿಗೆ ಗೊತ್ತಾಗಿದೆ, ಮನಸ್ಸು ಮುರಿದಿದೆ ಎಂದುಕೊಂಡಳು ವರದಾ.

ಬೇರೆ ಹುಡುಗಿಯಾದರೆ ಮೊಗ್ಗು ಕಂಡು ಹಿಗ್ಗುತ್ತಿದ್ದಳು, ಇವಳು ಊಟ ಬಿಟ್ಟಳು. ಮೊಗ್ಗು ದಿನದಿಂದ ದಿನಕ್ಕೆ ದಪ್ಪವಾಯಿತು. ಒಂದು ಸಂಜೆ ಅದರ ತುದಿಯಲ್ಲಿ ಕೆಂಪು ಇಣುಕಿತು. ಮಾಸ್ತಪ್ಪ ಬಂದದ್ದೂ ಆಗಲೇ.

"ನಾಳೆ ಅವ್ವ ಬರ್ತಾಳೆ, ಹೂ ನೋಡೋಕೆ."

ವರದಾ ಮಡಕೆಯನ್ನು ಅವನ ಮುಂದೆ ಎಳೆದಿಟ್ಟಳು.

"ಇದು ನಿಮ್ಮನೆ ಗಿಡ ಅಲ್ಲ. ನೀವು ಕೊಟ್ಟಿದ್ದು ಕೊಳೆತೋಯ್ತು. ನಾನೇ ಬೇರೇದು ನೆಟ್ಟೆ... ನಿಮ್ಮನ್ನ ಬಿಟ್ಟು ಇರೋಕಾಗಲ್ಲ ಅನ್ನಿಸ್ತು."

ಮಾಸ್ತಪ್ಪ ಮೆಟ್ಟಿಲ ಮೇಲೆ ಕುಸಿದು ಕೂತ.

"ನಾನು ತಂದಿದ್ದೂ ನಮ್ಮನೇದಲ್ಲ, ವರದಾ. ನಾ ಹೋಗೋದ್ರೊಳಗೆ ಅಂಗಳದಲ್ಲಿ ಎದೆಮಟ್ಟ ನೀರು. ಗಿಡ ಕಾಣ್ಲೇ ಇಲ್ಲ. ದಾರೀಲಿ ಯಾರದೋ ಬೇಲೀದು ಮುರ್ಕೊಂಡು ಬಂದೆ. ಆಮೇಲೆ ನಿನ್ನ ಮುಖ ನೋಡೋಕೇ ಆಗ್ಲಿಲ್ಲ."

ನಗು ಬರಬೇಕಿತ್ತು, ಬರಲಿಲ್ಲ. ಆ ಮುದುಕಿಯ ಗಿಡ ನಿಜಕ್ಕೂ ನೀರಿನಡಿ ಸತ್ತಿತ್ತು.

ಬೆಳಿಗ್ಗೆ ಅರಳಿದ ಕೆಂಪು ಹೂವಿನ ಮುಂದೆ ಇಬ್ಬರೂ ಜಲಜಮ್ಮನಿಗೆ ಎಲ್ಲ ಹೇಳಿದರು. ಆಕೆ ಸೆರಗು ಬಾಯಿಗೊತ್ತಿ ಬಹಳ ಹೊತ್ತು ಅತ್ತಳು. 'ಮುಗಿಯಿತು, ಎದ್ದು ಹೋಗುತ್ತಾರೆ' ಎಂದು ವರದಾ ಕಣ್ಣು ಮುಚ್ಚಿದಳು.

"ಇನ್ಮೇಲೆ ಮನೇಲಿ ಏನ್ ಸತ್ರೂ ನಂಗೆ ಮೊದಲು ಹೇಳ್ಬೇಕು," ಎಂದಳು ಜಲಜಮ್ಮ. "ಮುಚ್ಚಿಡೋ ಸೊಸೆ ನಂಗೆ ಬ್ಯಾಡ. ತಿಳೀತಾ, ಸೊಸೆ?"

ಮಾಸ್ತಪ್ಪ ವರದಾಳ ಕಿವಿಯ ಹತ್ತಿರ ಬಗ್ಗಿದ.

"ಕೇಳ್ತಾ? ಸೊಸೆ ಅಂದ್ಲು."

"ಕೇಳ್ತು... ಇನ್ನೊಂದ್ಸಲ ಹೇಳಿ."