ನವಣೆ ಶಾವಿಗೆ ತಿಂದರೆ ಇಳಿಯುತ್ತಾರಂತೆ

"ಇದರಾಗ ನವಣಿ ಎಷ್ಟೈತಿ, ಗೋದಿ ಎಷ್ಟೈತಿ? ಬಾಯಿ ಬಿಟ್ಟು ಹೇಳು."

ಹುಲಿಗೆಮ್ಮ ಡಬ್ಬಿಯನ್ನು ಗಿರಣಿಯ ಕಟ್ಟೆಯ ಮೇಲೆ ಕುಕ್ಕಿದಳು. ಒಳಗಿದ್ದ ಶಾವಿಗೆ ಮುರಿದ ಸದ್ದು ಕೇಳಿಸಿತು. ಗಾಳೆಪ್ಪ ಮೋಟರು ಬಂದ್ ಮಾಡಿದ. ಬೆಲ್ಟು ಎರಡು ಸುತ್ತು ತಿರುಗಿ ನಿಂತಿತು. ಆ ಮೇಲೆ ಗಿರಣಿಯೊಳಗೆ ಉಳಿದದ್ದು ಅವಳ ಏದುಸಿರು ಮಾತ್ರ.

"ಯಾರು ಏನು ಹೇಳಿದ್ರು ನಿನಗ?"

"ಯಾರು ಹೇಳಿದ್ರ ನಿನಗ್ಯಾಕ? ಕೇಳಿದ್ದಕ್ಕ ಹೇಳು."

"ಸಣ್ಣಗ ಮಾತಾಡು. ಅವ್ವ ಒಳಗ ಅದಾಳ."

"ಇರಲಿ, ಕೇಳಲಿ. ಮಗ ಎಂಥಾ ಯಾಪಾರ ಮಾಡಾಕತ್ತಾನ ಅಂತ ಆಕಿಗೂ ಗೊತ್ತಾಗಲಿ. ಶಿವರಾತ್ರಿ ಆದಾಗಿಂದ ನಾ ರೊಟ್ಟಿ ಮುಟ್ಟಿಲ್ಲ. ಎರಡೂ ಹೊತ್ತು ನಿನ್ನ ಶಾವಿಗಿ ಬಸಿದು, ಉಪ್ಪು ಹಾಕ್ಕೊಂಡು ತಿಂದೀನಿ. ಹೊಲಿಗಿ ಮಿಷನ್ ತುಳ್ಯಾಕತ್ತಾಗ ತಲಿ ತಿರುಗಿ ಬಿದ್ದೀನಿ. ಯಾರ ಮಾತು ಕೇಳಿ? ನಿನ್ನ ಮಾತು ಕೇಳಿ."

ಗಾಳೆಪ್ಪ ಉಗುರಿನ ಸಂದಿಯ ಹಿಟ್ಟು ಕೀಳುತ್ತ ನಿಂತ. ಅವನು ಹಾಗೆ ನಿಂತರೆ ಅವಳಿಗೆ ಮೊದಲೆಲ್ಲ ಮುದ್ದು ಬರುತ್ತಿತ್ತು. ಇವತ್ತು ಮೈ ಉರಿಯಿತು.

ಮಸ್ಕಿಯಲ್ಲಿ ಶಾವಿಗೆ ಮಿಷನ್ನಿಗೆ ಮೋಟರು ಕೂಡಿಸಿದವರಲ್ಲಿ ಗಾಳೆಪ್ಪನೇ ಮೊದಲಿಗ. ಬೇಸಿಗೆ ಬಂತೆಂದರೆ ಮದುವೆ ಮನೆಯವರೆಲ್ಲ ಅವನ ಬಾಗಿಲಿಗೇ ಬರುವವರು. ಕಲಸಿದ ಹಿಟ್ಟನ್ನು ಮಿಷನ್ನಿನ ಬಾಯಿಗೆ ಹಾಕಿದರೆ ಕೆಳಗೆ ತೂತಿನ ಬಿಲ್ಲೆಯಿಂದ ಎಳೆ ಎಳೆಯಾಗಿ ಶಾವಿಗೆ ಇಳಿಯುತ್ತಿತ್ತು. ಅವನು ಅದನ್ನು ಮುಂಗೈ ಮೇಲೆ ತೆಗೆದುಕೊಂಡು, ಒಂದು ಎಳೆಯೂ ಹರಿಯದಂತೆ, ಹಿತ್ತಿಲಿನ ಬಿದಿರು ಕೋಲಿಗೆ ಹಾಕುತ್ತಿದ್ದ. ಮಲಗಿದ ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ.

ಆ ಕೈ ನೋಡಿಯೇ ಹುಲಿಗೆಮ್ಮ ಕೆಟ್ಟದ್ದು.

ಅವಳು ದಪ್ಪ ಇದ್ದಳು. ಸುತ್ತಿ ಬಳಸಿ ಹೇಳುವುದೇನಿದೆ, ದಪ್ಪವೇ ಇದ್ದಳು. ಅಪ್ಪ ಅವ್ವ ಇಲ್ಲದವಳು, ಅಣ್ಣ ಬಾಲಪ್ಪನ ಮನೆಯಲ್ಲಿ ಜಂಪರು ಹೊಲಿದುಕೊಂಡು ಇದ್ದಳು. ಊರಿನ ಹೆಣ್ಣುಮಕ್ಕಳ ಅಳತೆಯೆಲ್ಲ ಅವಳ ಬಾಯಲ್ಲಿತ್ತು. ಆದರೂ ಊರು ಆಡಿಕೊಂಡದ್ದು ಅವಳ ಅಳತೆಯನ್ನು. ಬಂದ ಗಂಡುಗಳು ಚಹಾ ಕುಡಿದು ಬಾಗಿಲ ತನಕ ಹೋಗಿ, ಅಲ್ಲಿ ಬಾಲಪ್ಪನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿ ಹೋಗುವರು. ಏನೆಂದು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ.

ಗಿರಣಿಗೆ ಅವಳು ಜೋಳದ ಡಬ್ಬಿ ಹೊತ್ತು ಬರುತ್ತಿದ್ದಳು. ಎಲ್ಲರ ಹಾಗೆ ಅವನನ್ನು ಗಾಳೆಪ್ಪಣ್ಣ ಎಂದೇ ಕರೆಯುತ್ತಿದ್ದಳು. ಬೀಸಿದ ಹಿಟ್ಟು ತೆಗೆದುಕೊಂಡು ಹೋದವಳು ಓಣಿಯ ತಿರುವಿನ ತನಕ ಹೋಗಿ ಮತ್ತೆ ಬರುವಳು. ಡಬ್ಬಿಯ ಮುಚ್ಚಳ ಮರೆತಿರುತ್ತಿದ್ದಳು. ಪ್ರತಿ ಸಲವೂ ಮುಚ್ಚಳ. ಅವನು ಅದನ್ನು ಅಂಗಿಯ ತುದಿಯಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು, ಬಾಗಿಲಲ್ಲೇ ನಿಂತಿರುತ್ತಿದ್ದ. ಹುಬ್ಬು, ರೆಪ್ಪೆ ಎಲ್ಲ ಹಿಟ್ಟಿನಿಂದ ಬೆಳ್ಳಗಾಗಿರುತ್ತಿತ್ತು. ಮುದುಕ ಆಗೀದಿ ನೋಡು, ಎಂದು ಒಮ್ಮೆ ಅವಳು ನಕ್ಕಳು. ನೀ ಬರೂದು ತಡ ಆದ್ರ ಆಗೂದ, ಎಂದ ಅವನು. ಅವತ್ತು ಅವಳು ಮುಚ್ಚಳವನ್ನು ಎದೆಗವುಚಿಕೊಂಡು ಮನೆ ಮುಟ್ಟಿದಳು. ಮರುದಿನ ಬಂದಾಗ ಗಾಳೆಪ್ಪ ಎಂದಳು. 'ಅಣ್ಣ' ಎಲ್ಲೋ ದಾರಿಯಲ್ಲಿ ಬಿದ್ದುಹೋಗಿತ್ತು. ಅವನಿಗೆ ಅದು ಕೇಳಿಸಿತು. ಹಿಟ್ಟು ಜರಡಿಯ ಹೊರಗೆ ಚೆಲ್ಲಿದ.

ಇಬ್ಬರ ನಡುವೆ ಅಷ್ಟೇ ಇದ್ದದ್ದು. ಒಂದು ಮುಚ್ಚಳ, ಒಂದು ಬಿಟ್ಟ ಮಾತು.

ಲಿಂಗಸುಗೂರಿನ ಸಂಬಂಧ ಬಂದದ್ದು ಶಿವರಾತ್ರಿಗೆ. ಗಂಡು ಯಾವುದೋ ಆಫೀಸಿನಲ್ಲಿ ಕೆಲಸಕ್ಕಿದ್ದ. ಅವನ ಜೊತೆ ಬಂದ ಅಕ್ಕ ಹುಲಿಗೆಮ್ಮನನ್ನು ಮೇಲಿಂದ ಕೆಳಗೆ ನೋಡಿ, ಚೀಲದಿಂದ ಒಂದು ರೇಷ್ಮೆ ಜಂಪರು ತೆಗೆದು ಚಾಪೆಯ ಮೇಲೆ ಹಾಸಿದಳು. ಇದು ನನ್ನ ಮದುವೆಯದು, ಇಲ್ಲೇ ಇರಲಿ, ಬಸವ ಜಯಂತಿಗೆ ಬರುತ್ತೇವೆ, ಅಷ್ಟರೊಳಗೆ ಇದು ನಿನಗೆ ಹಿಡಿಸಿದರೆ ಅವತ್ತೇ ವೀಳ್ಯ ಕೊಡೋಣ, ಎಂದಳು. ತಮಾಷೆಗೆ ಹೇಳಿದಂತೆ ನಕ್ಕಳು. ಬಾಲಪ್ಪನೂ ನಕ್ಕ. ಹುಲಿಗೆಮ್ಮ ಜಂಪರಿನ ಬಗಲನ್ನು ನೋಡಿದಳು. ಹೊಲಿಯುವ ಕಣ್ಣಿಗೆ ಅಳತೆ ಪಟ್ಟಿ ಬೇಕಿಲ್ಲ. ಅದು ಅವಳ ತೋಳಿಗೇ ಏರುವಂಥದ್ದಲ್ಲ.

ಮಾರನೆಯ ದಿನ ಡಬ್ಬಿಯಿಲ್ಲದೆ, ಬರಿಗೈಯಲ್ಲಿ ಗಿರಣಿಗೆ ಹೋದಳು. ಎಲ್ಲ ಹೇಳಿದಳು. ಹೇಳಿ ಅವನ ಮುಖ ನೋಡಿದಳು. ಹೋಗಬ್ಯಾಡ ಅನ್ನಲಿ, ಒಂದೇ ಮಾತು ಅನ್ನಲಿ ಎಂದು ಅವಳ ಜೀವ ಕಾಯುತ್ತಿತ್ತು.

ಗಾಳೆಪ್ಪ ಬಹಳ ಹೊತ್ತು ಬೆಲ್ಟು ನೋಡಿದ. ಆಮೇಲೆ, "ನವಣಿ ಶಾವಿಗಿ ತಿನ್ನು," ಎಂದ. "ಸಿಂಧನೂರಾಗ ಡಾಕ್ಟರು ಸಕ್ಕರಿ ಕಾಯಿಲಿಯವರಿಗೆ ನವಣಿನ ಹೇಳ್ತಾರಂತ. ಹೊಟ್ಟಿ ತುಂಬತೈತಿ, ಮೈಗೆ ಹತ್ತಂಗಿಲ್ಲ. ನಾ ಮಾಡಿಕೊಡ್ತೀನಿ."

ಅವಳ ಎದೆಯಲ್ಲಿ ಏನೋ ಚಟ್ಟನೆ ಹರಿಯಿತು. ಓ, ಇವನೇ ನನ್ನನ್ನು ಸಾಗಹಾಕುವವನು, ಎಂದುಕೊಂಡಳು. ಸಿಟ್ಟಿನಲ್ಲೇ, "ಮಾಡಿಕೊಡು," ಎಂದು ಬಂದಳು. ಆ ಸಿಟ್ಟಿನಲ್ಲೇ ತಿಂದಳು. ಹಳದಿ ಶಾವಿಗೆ, ಚಂದ ಇತ್ತು, ಎಳೆ ಉದ್ದ ಇತ್ತು. ಅತ್ತಿಗೆ ತುಪ್ಪ ಹಾಕಲು ಬಂದರೆ ತಟ್ಟೆಗೆ ಕೈ ಅಡ್ಡ ಹಿಡಿದಳು. ತಲೆ ತಿರುಗಿ ಬಿದ್ದದ್ದು ಆ ದಿನಗಳಲ್ಲೇ. ಆಮೇಲೆ ತಡೆಯಲಾಗಲಿಲ್ಲ. ಶಾವಿಗೆ ತಿಂದ ತಾಸಿಗೆಲ್ಲ ಹೊಟ್ಟೆ ಕೂಗುತ್ತಿತ್ತು, ಕೈ ತಾನಾಗಿ ಹುರಿದ ಶೇಂಗಾದ ಬುಟ್ಟಿಗೆ ಹೋಗುತ್ತಿತ್ತು. ಹೊಲಿಗೆ ಮಿಷನ್ನಿನ ಕೆಳಗೆ ಸಿಪ್ಪೆಯ ರಾಶಿ ಬೀಳುತ್ತಿತ್ತು. ಮೈ ಇದ್ದ ಹಾಗೇ ಇತ್ತು.

ಗುಟ್ಟು ಹೊರಬಿದ್ದದ್ದು ಪಾಮನಕಲ್ಲೂರಿನಲ್ಲಿ. ಅಲ್ಲಿಯ ಸೋದರತ್ತೆ ತಿಮ್ಮವ್ವ ಹೊಲದಲ್ಲಿ ನವಣೆ ಬೆಳೆದವಳು, ನವಣೆ ಉಂಡೇ ಮುದುಕಿಯಾದವಳು. ಹುಲಿಗೆಮ್ಮ ತನ್ನ ಜೊತೆ ತಂದ ಶಾವಿಗೆ ತೋರಿಸಿದಾಗ ಆಕೆ ಒಂದು ಎಳೆ ಮುರಿದು ಬಾಯಲ್ಲಿಟ್ಟು ಅಗಿದಳು. ಇನ್ನೂ ಅಗಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನವಣಿ ಹಿಟ್ಟು ಕೋಲಿನ ಮ್ಯಾಲೆ ನಿಂದ್ರತೈತೇನಬೇ? ಅದಕ್ಕ ಜಿಗಿನ ಇಲ್ಲ. ಎಳಿ ಬರೂದ್ರಾಗ ಪುಡಿಪುಡಿಯಾಗಿ ನೆಲಕ್ಕ ಬೀಳತೈತಿ. ಇದು ಗೋದಿ. ಬಣ್ಣಕ್ಕ ಅರಿಶಿಣ ಹಾಕ್ಯಾನ ನಿಮ್ಮೂರ ಶಾಣ್ಯಾ."

ಹುಲಿಗೆಮ್ಮನಿಗೆ ನಂಬಿಕೆಯಾಗಲಿಲ್ಲ. ಅತ್ತೆಯ ಮನೆಯ ನವಣೆಯನ್ನೇ ಬೀಸಿ, ಕಲಸಿ, ಕೈಯಲ್ಲಿ ಹೊಸೆದು ನೋಡಿದಳು. ಬೆರಳ ಸಂದಿಯಿಂದ ಮರಳಿನ ಹಾಗೆ ಸುರಿಯಿತು. ಅವಳು ಅದನ್ನು ನೋಡುತ್ತ ಕೂತಳು. ಹಸಿದು ಬಿದ್ದ ದಿನಗಳು ಒಂದೊಂದೇ ನೆನಪಾದವು. ಸಿಕ್ಕ ಬಸ್ಸು ಹತ್ತಿ ಮಸ್ಕಿಗೆ ಬಂದಳು. ಮನೆಯಿಂದ ಡಬ್ಬಿ ಎತ್ತಿಕೊಂಡವಳು ನೇರ ಗಿರಣಿಗೆ ಬಂದಳು.

ಈಗ ಅವನು ಉಗುರಿನ ಹಿಟ್ಟು ಕೀಳುತ್ತಿದ್ದ.

"ಹೌದು," ಎಂದ ಕಡೆಗೆ. "ಮುಕ್ಕಾಲು ಗೋದಿ. ಮೊದಲು ಬರೇ ನವಣಿನ ಹಾಕಿದ್ದೆ. ಎಳಿ ಬರಲಿಲ್ಲ. ಸ್ವಲ್ಪ ಗೋದಿ ಕೂಡಿಸಿದೆ. ಆಮ್ಯಾಲ ಬೇಕಂತನ ಜಾಸ್ತಿ ಹಾಕಿದೆ."

"ಬೇಕಂತ?"

"ನೀ ಇಳೀಬಾರದು ಅಂತ."

ಹುಲಿಗೆಮ್ಮ ಡಬ್ಬಿಯ ಮುಚ್ಚಳ ತೆಗೆದು ಪಕ್ಕಕ್ಕಿಟ್ಟು ಒಳಗಿನ ಶಾವಿಗೆ ನೋಡಿದಳು.

"ನೀ ಇಳದ್ರ ಆ ಜಂಪರ ಹಿಡಿಸತೈತಿ. ಹಿಡಿಸಿದ್ರ ನೀ ಲಿಂಗಸುಗೂರಿಗೆ ಹೋಕ್ಕಿ," ಎಂದ ಅವನು, ಕಟ್ಟೆಯ ಕಡೆ ನೋಡುತ್ತ. "ನನಗ ನೀ ಹಿಂಗ ಚಂದ ಕಾಣ್ತಿ. ಓಣ್ಯಾಗ ನೀ ಬರೂದು ಕಂಡ್ರ ನನಗ ಗಿರಣಿ ಸಪ್ಪಳನ ಕೇಳಂಗಿಲ್ಲ."

ಎಷ್ಟು ದಿನ ಕಾದ ಮಾತು. ಬಂದೇಬಿಟ್ಟಿತು. ಸೀರೆ ಉಟ್ಟು, ಹೂ ಮುಡಿದು ಕೇಳಬೇಕೆಂದುಕೊಂಡಿದ್ದ ಮಾತನ್ನು ಬಸ್ಸಿನ ಧೂಳು ಮೆತ್ತಿದ ಮುಖದಲ್ಲಿ, ಸಿಟ್ಟಿನ ನಡುವೆ ಕೇಳಿದಳು. ಆದರೂ ಅವಳ ಕಿವಿ ಬಿಸಿಯಾಯಿತು. ಅವನ ಹುಬ್ಬಿನ ಹಿಟ್ಟು ಒರೆಸಬೇಕೆನ್ನಿಸಿ ಕೈ ಅರ್ಧ ಎತ್ತಿದಳು. ಅವನು ಅದನ್ನು ನೋಡಿದ. ಕಣ್ಣುಗಳು ಮೆಲ್ಲಗೆ ಅರಳಿದವು. ಹಿತ್ತಿಲಿನ ಕೋಲಿನ ಮೇಲೆ ಶಾವಿಗೆ ಗಾಳಿಗೆ ಸರಸರ ಅನ್ನುತ್ತಿತ್ತು.

"ಬರೇ ನವಣಿ ತಿಂದಿದ್ರೂ ನೀ ಇಳೀತಿದ್ದಿಲ್ಲ ಬಿಡು," ಎಂದ ಅವನು, ನಗು ತಂದುಕೊಂಡು. "ಶೇಂಗಾ ಯಾರು ಬಿಡಬೇಕು?"

ಅವಳಿಗೆ ನಗು ಬಂತು. ತಡೆದುಕೊಂಡಳು.

"ಹಂಗಾರ ಕೈ ತೊಳಕೊ. ಅಣ್ಣ ಮನ್ಯಾಗ ಅದಾನ. ಬಂದು ಕೇಳು."

ಗಾಳೆಪ್ಪನ ನಗು ಅಲ್ಲೇ ನಿಂತಿತು.

"ಈಗೇನು?"

"ಈಗ."

"ಈಗ ಬ್ಯಾಡ. ಮದುವಿ ಮನಿಯವರ ಹಿಟ್ಟು ಕಲಸಿಟ್ಟೀನಿ, ಒಣಗತೈತಿ."

ಒಳಗಿನಿಂದ ಅವನ ತಾಯಿ ಮಾರೆಮ್ಮ ಬಾಗಿಲಿಗೆ ಬಂದು ನಿಂತಳು. ಎಲ್ಲ ಕೇಳಿಸಿಕೊಂಡಿದ್ದಳು. "ಹಿಟ್ಟು ನಾ ನೋಡ್ಕೊಂತೀನಿ. ಹೋಗಲೇ," ಎಂದಳು.

ಅವನು ಕದಲಲಿಲ್ಲ. ತಾಯಿಯನ್ನೂ ನೋಡಲಿಲ್ಲ. ಹುಲಿಗೆಮ್ಮನ ಕಡೆ ಬಾಗಿ, ಬಹಳ ದಿನದಿಂದ ಲೆಕ್ಕ ಹಾಕಿಟ್ಟುಕೊಂಡವನ ಹಾಗೆ ಸಮಾಧಾನದಿಂದ ಹೇಳಿದ. ಬಸವ ಜಯಂತಿ ಬರಲಿ. ಲಿಂಗಸುಗೂರಿನವರು ಬರಲಿ, ನೋಡಲಿ, ಜಂಪರು ಹಿಡಿಸುವುದಿಲ್ಲ, ಬೇಡ ಅಂದು ಹೋಗಲಿ. ಆಮೇಲೆ ನಾನು ಬಂದು ಕೇಳುತ್ತೇನೆ. ಆಗ ಬಾಲಪ್ಪ ಇಲ್ಲ ಅನ್ನುವುದಿಲ್ಲ. ಈಗ ಆಫೀಸಿನವನನ್ನು ಬಿಟ್ಟು ಗಿರಣಿಯವನಿಗೆ ಯಾರು ಕೊಡುತ್ತಾರೆ?

ಹುಲಿಗೆಮ್ಮ ಎತ್ತಿದ್ದ ಕೈಯನ್ನು ಕೆಳಗಿಳಿಸಿದಳು.

"ನಾಲ್ಕು ಮಂದಿ ಮುಂದ ಆಕಿ ನನ್ನ ಮೈಗೆ ಜಂಪರ ಹಿಡದು ನೋಡಬೇಕು," ಎಂದಳು. ಈಗ ಅವಳ ದನಿ ಏರಲಿಲ್ಲ. "ನಗಬೇಕು. ಬ್ಯಾಡ ಅಂದು ಹೋಗಬೇಕು. ಆವಾಗ ನೀ ಬರ್ತಿ."

"ಹಂಗಲ್ಲ, ಹುಲಿಗಿ..."

"ಹಂಗ ಐತಿ. ಆಕಿ ನನ್ನ ಮಾರಿ ಮುಂದ ಜಂಪರ ಹಾಸಿದ್ಲು. ಸೇರದಿದ್ರ ಸೇರಂಗಿಲ್ಲ ಅಂತ ಮುಂದನ ಹೇಳಿದ್ಲು. ನೀ ಅದೇ ಜಂಪರ ನಂಬಿ ಕುಂತಿ. ನನ್ನ ಹಸಿವಿ ಮ್ಯಾಲೆ ಕುಂತಿ. ಚಂದ ಕಾಣ್ತೀನಂತ. ಚಂದ ಕಂಡಾಕಿನ ಮಂದಿ ಕಡಿಂದ ಬ್ಯಾಡ ಅನಸ್ತಾರೇನು? ನಾ ಏನು ನಿನ್ನ ಗಿರಣಿ ಮುಂದ ಚೆಲ್ಲಿದ ಕಾಳೇನು, ಕೋಳಿ ತಿಂದು ಬಿಟ್ಟ ಮ್ಯಾಲೆ ಆರಿಸ್ಕೊಳ್ಳಾಕ?"

ಮಾರೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹುಲಿಗೆಮ್ಮ ಕಾದಳು. ಅಷ್ಟೆಲ್ಲ ಅಂದ ಮೇಲೂ ಕಾದಳು. ಅವನು ಕೈ ತೊಳೆಯಲು ಬಕೀಟಿನ ಕಡೆ ತಿರುಗಿದ್ದರೆ ಸಾಕಿತ್ತು, ಅವನ ಹಿಂದೆಯೇ ನಡೆದುಬಿಡುತ್ತಿದ್ದಳು. ಅವನು ಪರಾತದ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಸರಿಮಾಡಿ ಹೊದಿಸಿದ.

"ಬರ್ತೀನಿ, ಗಾಳೆಪ್ಪಣ್ಣ," ಎಂದಳು ಹುಲಿಗೆಮ್ಮ.

ಬಿಸಿಲಿಗೆ ಇಳಿದು, ಸೆರಗು ತಲೆಗೆ ಎಳೆದುಕೊಂಡು, ಓಣಿಯ ತಿರುವು ದಾಟಿದಳು.

ಕಟ್ಟೆಯ ಮೇಲೆ ಡಬ್ಬಿ ಉಳಿದಿತ್ತು. ಪಕ್ಕದಲ್ಲಿ ಮುಚ್ಚಳವೂ. ಗಾಳೆಪ್ಪ ಅದನ್ನು ನೋಡಿ ಉಸಿರು ಬಿಟ್ಟ. ಬರುತ್ತಾಳೆ, ಯಾವಾಗಲೂ ಬರುವುದು ಹೀಗೆಯೇ. ಮುಚ್ಚಳ ಒರೆಸಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ. ತಾಯಿ ಒಳಗೆ ಹೋದಳು. ಬಿಸಿಲು ಕಟ್ಟೆಯಿಂದ ಇಳಿದು ಓಣಿಯ ಆಚೆ ಗೋಡೆಗೆ ಹತ್ತಿತು. ಹಿಟ್ಟು ನಿಜವಾಗಿಯೂ ಒಣಗುತ್ತಿತ್ತು. ಮೋಟರು ಚಾಲೂ ಮಾಡಿದ.

ಬಸವ ಜಯಂತಿ ಬರುವ ಮುಂಚೆಯೇ ಆ ಜಂಪರು ಲಿಂಗಸುಗೂರಿಗೆ ವಾಪಸು ಹೋಯಿತೆಂಬ ಸುದ್ದಿ ಗಿರಣಿಗೆ ಬಂತು. ಹುಲಿಗೆಮ್ಮ ತಾನೇ ಬಸ್ಸು ಹತ್ತಿ ಹೋಗಿ, ಅವರ ಬಾಗಿಲಲ್ಲೇ ಕೊಟ್ಟು ಬಂದಿದ್ದಳಂತೆ. ಗಾಳೆಪ್ಪ ಬಯಸಿದ ಹಾಗೆಯೇ ಸಂಬಂಧ ಮುರಿದಿತ್ತು. ಅವತ್ತು ಅವನು ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಡಬ್ಬಿ ಹಿಡಿದುಕೊಂಡು ಬಾಲಪ್ಪನ ಮನೆಗೆ ಹೋದ. ಹೊಲಿಗೆ ಮಿಷನ್ನು ಇದ್ದ ಜಾಗ ಖಾಲಿ ಇತ್ತು. ತಂಗಿ ಮಿಷನ್ನು ಹೇರಿಕೊಂಡು ಸಿಂಧನೂರಿಗೆ ಹೋಗಿದ್ದಾಳೆ, ಅಲ್ಲಿ ಒಂದು ಟೇಲರಿಂಗ್ ಅಂಗಡಿಯಲ್ಲಿ ಕೂತಿದ್ದಾಳೆ, ಮದುವೆ ಮಾತು ಎತ್ತಬೇಡ ಅಂದಿದ್ದಾಳೆ, ಎಂದು ಬಾಲಪ್ಪ ಸಿಟ್ಟಿನಲ್ಲೇ ಹೇಳಿದ. ಆಮೇಲೆ ಅಂಗಿ ನೋಡಿ ಕೇಳಿದ.

"ಏನಾರ ಕೆಲಸ ಇತ್ತೇನು, ಗಾಳೆಪ್ಪ?"

ಗಾಳೆಪ್ಪ ಬಾಯಿ ತೆರೆದ.

"ಡಬ್ಬಿ ಉಳದಿತ್ತು," ಎಂದ. "ಕೊಡಾಕ ಬಂದೆ."

"ನಿಮ್ಮಲ್ಲೇ ಇರಲಿ ಬಿಡು. ಬಂದಾಗ ಒಯ್ತಾಳ."

ಅವನು ಡಬ್ಬಿ ತಿರುಗಿ ತಂದು ಕಟ್ಟೆಯ ಮೇಲಿಟ್ಟ. ಮುಚ್ಚಳವನ್ನು ಹಾಕದೆ ಪಕ್ಕದಲ್ಲಿಟ್ಟ. ಹಿಟ್ಟಿನ ಧೂಳು ಅದರ ಮೇಲೆ ಕೂರುತ್ತ ಹೋಯಿತು. ಅವನು ಒರೆಸುತ್ತ ಹೋದ. ಹುಲಿಗೆಮ್ಮ ಆ ಓಣಿಗೆ ಮತ್ತೆ ಬರಲಿಲ್ಲ.