ಹಿಡಿಕೆಗೆ ಕಟ್ಟಿದ ಟವೆಲ್

2025ರ ಮಾರ್ಚ್ 11, ಮಂಗಳವಾರ, ಮಧ್ಯಾಹ್ನ 1 ಗಂಟೆ 20 ನಿಮಿಷ. ಠಾಣೆಯ ಮೆಟ್ಟಿಲು ಹತ್ತಿದ ವೀರಮ್ಮನ ಕೈಯಲ್ಲಿ ಗಂಡನಿಗೆಂದು ಕಟ್ಟಿದ್ದ ಊಟದ ಡಬ್ಬಿ ಹಾಗೇ ಇತ್ತು.

"ನನ್ನ ಗಂಡನ್ನ ಮಾಳೇಶ ಕೊಂದಾನೆ. ಬರ್ಕೊಳ್ರೀ."

ಇನ್‌ಸ್ಪೆಕ್ಟರ್ ಚೈತ್ರಶ್ರೀ ಕುರ್ಚಿ ಎಳೆದು ಕೊಟ್ಟಳು. ಡಬ್ಬಿಯನ್ನು ಯಾರೂ ಕಸಿದುಕೊಳ್ಳದಂತೆ ಪೇದೆಗೆ ಕಣ್ಸನ್ನೆ ಮಾಡಿದಳು.

ವೀರಮ್ಮನ ಗಂಡ ಮಲ್ಲೇಶಪ್ಪ, ವಯಸ್ಸು ಐವತ್ತೆರಡು, ಆನವಟ್ಟಿ ಕಡೆಯ ಹನ್ನೊಂದು ಹಳ್ಳಿಗಳಿಗೆ ಕುಡಿಯುವ ನೀರೆತ್ತುವ ಕೆರೆದಂಡೆಯ ಪಂಪ್‌ಹೌಸಿನಲ್ಲಿ ಆಪರೇಟರ್. ಅಂದು ಬೆಳಿಗ್ಗೆ ಪಂಪು ನಿಲ್ಲಿಸಿ, ನೀರು ಸೋರದಂತೆ ಶಾಫ್ಟಿಗೆ ಸುತ್ತುವ ಹಗ್ಗ ಬದಲಾಯಿಸುತ್ತಿದ್ದಾಗ, 11.40ಕ್ಕೆ ಪಂಪು ಶುರುವಾಗಿತ್ತು. ಅಂಗಿಯ ತೋಳು ಸಿಕ್ಕಿಕೊಂಡಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಅಲ್ಲಿದ್ದ ಮತ್ತೊಬ್ಬ ಮನುಷ್ಯನೆಂದರೆ ಜೊತೆಯ ಆಪರೇಟರ್ ಮಾಳೇಶ ಮಾತ್ರ. ಹಿಂದಿನ ದಿನ ಇಬ್ಬರಿಗೂ ಜಗಳವಾಗಿದ್ದನ್ನು ಊರೇ ಕೇಳಿತ್ತು.

1.50ಕ್ಕೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ, ಕಲಂ 103, ಕೊಲೆ.

ಮೂರು ಗಂಟೆಗೆ ಸ್ಥಳ ಪಂಚನಾಮೆ. ಶಾಫ್ಟಿನ ಬಳಿ ಅರ್ಧ ಸುತ್ತಿದ ಹಗ್ಗ ಬಿದ್ದಿತ್ತು. ಗೋಡೆಯ ಹಳೇ ಸ್ಟಾರ್ಟರಿನ ಹಿಡಿಕೆಗೆ ಒಂದು ಕೆಂಪು ಟವೆಲ್ ಬಿಗಿಯಾಗಿ ಕಟ್ಟಿತ್ತು.

"ಇದೇನು?"

ಹೆಡ್ ಕಾನ್‌ಸ್ಟೆಬಲ್ ಬೆನಕಪ್ಪ ಮುಟ್ಟದೆ ತೋರಿಸಿದ. "ನಮ್ಮ ಮಾವನೂ ಪಂಪ್ ಆಪರೇಟರೇ ಮೇಡಂ. ಮಿಷನ್ ಒಳಗೆ ಕೈ ಹಾಕೋನು ತನ್ನ ಟವೆಲ್ ಇದಕ್ಕೆ ಕಟ್ಟಿ ಹೋಗ್ತಾನೆ. ಕಟ್ಟಿದೋನೇ ಬಿಚ್ಚಬೇಕು. ಬೇರೆಯವ್ರು ಮುಟ್ಟಂಗಿಲ್ಲ, ಹಗೆಯಿದ್ರೂನು."

ಆ ಹಿಡಿಕೆಗೆ ಈಗ ತಂತಿಯೇ ಇರಲಿಲ್ಲ. ಎರಡು ವರ್ಷದಿಂದ ಪಂಪು ನಡೆಸುತ್ತಿದ್ದುದು ಮೂಲೆಯ ಪೆಟ್ಟಿಗೆಯೊಳಗಿನ ಪುಟ್ಟ ಕಂಪ್ಯೂಟರ್. ಅದರ ಪ್ರೋಗ್ರಾಂ ಟ್ಯಾಂಕಿನ ನೀರಿನ ಮಟ್ಟ ನೋಡಿ ಮೋಟಾರನ್ನು ತಾನೇ ಹಚ್ಚಿ, ತಾನೇ ಆರಿಸುತ್ತಿತ್ತು. ಹಗ್ಗ ಬದಲಾಯಿಸುವಾಗ ಆಪರೇಟರುಗಳು ಪರದೆಯ ಮೇಲೆ ಪ್ರೋಗ್ರಾಂ ಬಂದ್ ಮಾಡುತ್ತಿದ್ದರು. ವಿದ್ಯುತ್ತಿನ ಮೇನ್ ಸ್ವಿಚ್ ಎಳೆಯುತ್ತಿರಲಿಲ್ಲ. ಅದರ ಕೆಳಗೇ ಕೈಬರಹದ ಚೀಟಿ ಅಂಟಿಸಿತ್ತು: ನನಗೆ ತಿಳಿಸದೆ ಮೇನ್ ಆಫ್ ಮಾಡಬೇಡಿ, ಪ್ರೋಗ್ರಾಂ ಕೆಡುತ್ತದೆ. ಶ್ರೀನಾಥ, ಟೆಕ್ನಿಷಿಯನ್, ಶಿಕಾರಿಪುರ.

ಮೇನ್ ಮಾತ್ರ ಈಗ ಆಫ್ ಆಗಿತ್ತು. ಅದರ ಮೇಲೆ ಮಾಳೇಶನ ಬೆರಳಚ್ಚು.

"ಪ್ರೋಗ್ರಾಂ ಬಂದ್ ಮಾಡಿದ್ಯಾರು?" ಚೈತ್ರಶ್ರೀ ಕೇಳಿದಳು.

"ಮಲ್ಲೇಶಣ್ಣನೇ," ಎಂದ ಮಾಳೇಶ.

"ಎಷ್ಟೊತ್ತಿಗೆ?"

"ಹನ್ನೊಂದೂವರೆ ದಾಟಿತ್ತು."

"ನೀನೆಲ್ಲಿದ್ದೆ?"

"ಹೊರಗೆ, ನಲ್ಲಿ ಹತ್ರ. ಮೋಟಾರ್ ಸದ್ದಾಯ್ತು. ಆಮೇಲೆ ಅಣ್ಣ ಕೂಗಿದ್ದು. ಓಡಿಬಂದು ಮೇನ್ ಎಳೆದೆ. ನಾನು ಆರಿಸ್ದೋನು ಮೇಡಂ, ಹಚ್ಚಿದೋನಲ್ಲ."

"ಜಗಳ ಯಾಕೆ?"

"ಭಾನುವಾರದ ಪಾಳಿಗೆ. ಒಂದು ಪಾಳಿಗೆ ಯಾರಾದ್ರೂ ಮನುಷ್ಯನ್ನ ಕೊಲ್ತಾರೇನ್ರೀ? ಟವೆಲ್ ಇತ್ತಲ್ರೀ ಅಲ್ಲಿ!"

ಒಳಗೆ ಮೂರನೆಯವನಿರಲಿಲ್ಲ. ಯಂತ್ರ ತಾನಾಗಿ ಶುರುವಾಗುವುದಿಲ್ಲವೆಂದು ಊರೆಲ್ಲ ಹೇಳುತ್ತಿತ್ತು. ಮಾಳೇಶನ ಮನೆಯ ಹೆಂಚುಗಳು ಆಗಲೇ ಕಲ್ಲೇಟಿಗೆ ಒಡೆದಿದ್ದವು. ಸಂಜೆ 4.30ಕ್ಕೆ ಅವನ ದಸ್ತಗಿರಿಯಾಯಿತು. ಮರುದಿನ ಅದೇ ಹೊತ್ತಿನೊಳಗೆ ನ್ಯಾಯಾಲಯಕ್ಕೆ ಹಾಜರುಪಡಿಸಬೇಕು. ಅಲ್ಲಿಂದ ಜೈಲು.

ಬುಧವಾರ ಬೆಳಿಗ್ಗೆ ಚೈತ್ರಶ್ರೀ ಪಂಚನಾಮೆಯ ಫೋಟೋಗಳನ್ನು ಮುಂದಿಟ್ಟುಕೊಂಡು ಕುಳಿತಳು. ಪ್ರೋಗ್ರಾಂ ತಾನು ಶುರುವಾದ ಹೊತ್ತನ್ನು ಪ್ರತಿ ಸಲವೂ ಪರದೆಯ ಮೇಲೆ ಬರೆದಿಡುತ್ತಿತ್ತು. ಫೆಬ್ರವರಿ 27ರವರೆಗಿನ ಹೊತ್ತುಗಳು ಅಡ್ಡಾದಿಡ್ಡಿ: 9.17.43, 14.52.08. ಆಮೇಲಿನವು 6.35.02, 13.10.02, 17.55.02. ಕೊನೆಯದು 11.40.02. ಬಿಎಸ್‌ಸಿಯಲ್ಲಿ ಎಲೆಕ್ಟ್ರಾನಿಕ್ಸ್ ಓದಿದ್ದ ಅವಳು ಪೆನ್ಸಿಲ್ ಕೆಳಗಿಟ್ಟಳು. ಮನುಷ್ಯನ ಬೆರಳು ಹೀಗೆ ಐದರ ಮಗ್ಗಿ ಹೇಳುವುದಿಲ್ಲ. ಎಲ್ಲ ಸಲವೂ ಅದೇ ಎರಡನೇ ಸೆಕೆಂಡಿಗೆ ಬಟನ್ನಿನ ಮೇಲೆ ಬೀಳುವುದಿಲ್ಲ.

11.15ಕ್ಕೆ ಶ್ರೀನಾಥ, ಅವಳು ಕರೆಸಿದಂತೆ, ಶಿಕಾರಿಪುರದಿಂದ ಪಂಪ್‌ಹೌಸಿಗೆ ಬೈಕಿನಲ್ಲಿ ಬಂದ. ಮೂವತ್ತರ ಆಸುಪಾಸಿನ ವಯಸ್ಸು, ಈಚೆಗೆ ಬೋಳಿಸಿದ್ದ ತಲೆ. ಇಬ್ಬರು ಪಂಚರು ನಿಂತರು. ಬೆನಕಪ್ಪ ಮೊಬೈಲಿನಲ್ಲಿ ಚಿತ್ರೀಕರಣ ಶುರುಮಾಡಿದ.

"ಪ್ರೋಗ್ರಾಂ ಹೇಗೆ ಶುರುವಾಯ್ತು?"

"ಯಾರೋ ಬಟನ್ ಒತ್ಯಾರ್ರಿ ಮೇಡಂ. ಒತ್ತಲಾರ್ದೆ ಹೆಂಗ್ ಶುರುವಾಗ್ತತಿ?"

"ಈ ಕಂಪ್ಯೂಟರ್ ನಡೆಯೋದು ಲಿನಕ್ಸ್ ಮೇಲೆ ಅಲ್ವಾ? ಹೊತ್ತಿಗೆ ಸರಿಯಾಗಿ ತಾನೇ ಕೆಲಸ ನಡೆಸೋ ಕ್ರಾನ್ ಇರತ್ತೆ. ಅದರ ಪಟ್ಟಿ ತೆಗೀರಿ."

ಕೀಲಿಮಣೆಯ ಮೇಲಿನ ಬೆರಳು ಒಂದು ಕ್ಷಣ ತಡೆಯಿತು. "ಖಾಲಿ ಐತಿ ನೋಡ್ರಿ."

"ನೋಡಿದೆ. ಈಗ ಅದು ನಡೆದಾಗೆಲ್ಲ ದಾಖಲಾಗೋ ಲಾಗ್ ತೆಗೀರಿ."

ಅವನು ತೆಗೆಯಲಿಲ್ಲ. ಅವಳು ಅವನ ಪಕ್ಕಕ್ಕೆ ಬಂದು ಪರದೆಯತ್ತ ಬಾಗಿದಳು. ಕಡೆಗೆ ಅವನು ತೆಗೆದ. ಫೆಬ್ರವರಿ 27ರಿಂದ ಐದೈದು ನಿಮಿಷಕ್ಕೆ ಒಂದು ಸಾಲು, ಒಂದೂ ತಪ್ಪದೆ. ಮೇನ್ ಎಳೆದ ಮೇಲೂ ಬೇರೆ ಬ್ಯಾಟರಿಯ ಮೇಲೆ ಕಂಪ್ಯೂಟರ್ ನಡೆಯುತ್ತಲೇ ಇತ್ತು. ಮಂಗಳವಾರ 12.45ಕ್ಕೆ ಕೊನೆಯ ಸಾಲು. 12.48ಕ್ಕೆ ಹೊರಗಿನಿಂದ ಶ್ರೀನಾಥನ ಹೆಸರಿನಲ್ಲಿ ಯಾರೋ ಒಳಬಂದು ಪಟ್ಟಿ ಬದಲಿಸಿದ್ದರು. ಆಮೇಲೆ ಏನೂ ಇಲ್ಲ.

"ನನಗೊಂದೂ ತಿಳೀಲಿಲ್ಲ," ಎಂದ ಬೆನಕಪ್ಪ.

"ಪ್ರೋಗ್ರಾಂ ನಡೀತಿದೆಯಾ ಅಂತ ಐದು ನಿಮಿಷಕ್ಕೊಮ್ಮೆ ಒಬ್ಬ ಬಂದು ನೋಡ್ತಾನೆ ಅಂದ್ಕೊಳ್ರೀ. ನಿಂತಿದ್ರೆ ಮತ್ತೆ ಶುರುಮಾಡಿ ಹೋಗ್ತಾನೆ. ಕೆಟ್ಟು ನಿಂತಿದ್ದೋ, ಯಾರಾದ್ರೂ ಬೇಕಂತಲೇ ನಿಲ್ಲಿಸಿದ್ದೋ, ಅವನಿಗೆ ಗೊತ್ತಾಗಲ್ಲ. ಶುರುವಾದ ಪ್ರೋಗ್ರಾಂ ಟ್ಯಾಂಕ್ ನೋಡ್ತು. ನೀರು ಕಮ್ಮಿ ಇತ್ತು. ಮೋಟಾರ್ ಹಚ್ತು."

"ಮತ್ತೆ ಟವೆಲ್?"

"ಅವನಿಗೆ ಕಣ್ಣಿಲ್ಲ."

ಬೆನಕಪ್ಪ ಶ್ರೀನಾಥನ ಕಡೆ ತಿರುಗಿದ. "12.48ಕ್ಕೆ ಹೆಣ ಇನ್ನೂ ಆಸ್ಪತ್ರೆ ಬಾಗಿಲಲ್ಲಿತ್ತು ಸ್ವಾಮಿ. ಭಾರಿ ಚುರುಕು ನೀವು."

ಶ್ರೀನಾಥ ನೆಲದ ಮೇಲೆ ಕುಕ್ಕರಿಸಿದ. ಪಂಪ್‌ಹೌಸಿನ ನಿರ್ವಹಣೆ ಹಿಡಿದ ಕಂಟ್ರಾಕ್ಟರ್ ಫೋನ್ ಮಾಡಿ ಸಾವಿನ ಸುದ್ದಿ ಹೇಳಿದೊಡನೆ ಏನಾಗಿದೆಯೆಂದು ತನಗೆ ಹೊಳೆಯಿತು, ಪಟ್ಟಿಗೆ ತಾನು ಹಾಕಿದ್ದ ಸಾಲನ್ನು ಮನೆಯಿಂದಲೇ ಅಳಿಸಿದೆ ಎಂದ.

"ಮಾಳೇಶನ್ನ ಹಿಡಿದಿದ್ದು ಗೊತ್ತಿತ್ತಾ?"

"ಗೊತ್ತಿತ್ರಿ."

"ಕ್ರಾನ್ ಪಟ್ಟಿಗೆ ಆ ಸಾಲು ಹಾಕಿದ್ದನ್ನ ಆಪರೇಟರಿಗೆ ಯಾಕೆ ಹೇಳಲಿಲ್ಲ?"

"ಪ್ರೋಗ್ರಾಂ ತಾನಾಗೇ ನಿಲ್ತಿತ್ರಿ, ವಾರಕ್ಕೆ ಎರಡು ಮೂರು ಸಲ. ಅದ್ರಾಗ ತಪ್ಪೈತಿ, ಸರಿಮಾಡ್ಬೇಕು ಅಂತ ಕಂಟ್ರಾಕ್ಟರಿಗೆ ಹೇಳಿ ಹೇಳಿ ಸಾಕಾತು. ನಿಲ್ಲಬಾರ್ದು ಅಷ್ಟೇ, ಏನಾರ ಮಾಡು ಅಂದ್ರು. ಆಪರೇಟರಿಗೆ ಹೇಳಿದ್ರೆ ಊರಿಗೆಲ್ಲ ಗೊತ್ತಾಗ್ತತಿ, ಬಾಯಿ ಬಿಡಬ್ಯಾಡ ಅಂದ್ರು."

2.10ಕ್ಕೆ ಶ್ರೀನಾಥನ ದಸ್ತಗಿರಿ. ಕಲಂ 106(1), ನಿರ್ಲಕ್ಷ್ಯದಿಂದ ಸಾವು. ಕಲಂ 238, ಸಾಕ್ಷ್ಯನಾಶ. ಕಂಟ್ರಾಕ್ಟರನ ಹೆಸರು ಹೇಳಿಕೆಯಲ್ಲಿ ಸೇರಿತು. ಅವನು ಯಾವುದನ್ನೂ ಬರವಣಿಗೆಯಲ್ಲಿ ಕೊಟ್ಟಿರಲಿಲ್ಲ. ನೋಟೀಸು ತಲುಪುವ ಮೊದಲೇ ಅವನ ವಕೀಲರ ಫೋನ್ ಠಾಣೆಗೆ ಬಂತು.

3.40ಕ್ಕೆ ಮಾಳೇಶನನ್ನು ಬಿಟ್ಟರು. ಅವನು ಬಾಗಿಲಲ್ಲಿ ನಿಂತ.

"ಊರಿಗೆ ಯಾರು ಹೇಳ್ತಾರೆ ಮೇಡಂ?"

"ನಾನೇ ಬರ್ತೀನಿ."

"ವೀರಕ್ಕಂಗೆ ಮೊದ್ಲು ಹೇಳ್ರೀ. ಹೆಂಚು ಆಮೇಲೆ ಹೊದಿಸ್ಕೊಂಡ್ರಾಯ್ತು."

ಚೈತ್ರಶ್ರೀ ಶ್ರೀನಾಥನ ಹೇಳಿಕೆಯ ಕೊನೆಯ ಪುಟಕ್ಕೆ ಬಂದಿದ್ದಳು. ಒಂದು ಪ್ರಶ್ನೆ ಉಳಿದಿತ್ತು. ಪ್ರಕರಣಕ್ಕೆ ಅದು ಬೇಕಾಗಿರಲಿಲ್ಲ.

"ಫೆಬ್ರವರಿ 27ರಂದು ಏನಾಗಿತ್ತು?"

ಶ್ರೀನಾಥ ಬೋಳುತಲೆ ಸವರಿಕೊಂಡ. "ಅವ್ವನ್ನ ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ್ದೆ. ಪಂಪ್ ನಿಂತೈತಿ ಬರ್ರಿ ಅಂತ ಫೋನ್ ಬಂತು. ಹೊರಗಿಂದ ಹಚ್ಚಾಕ ನೆಟ್ ಸಿಗ್ಲಿಲ್ಲ, ತಾನಾಗೇ ನಿಂತ್ರ ಆಪರೇಟರ್ ಹಚ್ಚಂಗೂ ಇರ್ಲಿಲ್ಲ. ಬಂದು ಒಂದೇ ಬಟನ್ ಒತ್ತಿದೆ. ಅಷ್ಟ ಕೆಲಸ. ಅಷ್ಟೊತ್ತಿಗೆ ತಂಗಿ ಫೋನ್ ಮಾಡಿದ್ಲು, ಅವ್ವ ಹೋದ್ಲು ಅಂತ."

"ಆಮೇಲೆ?"

"ಮಲ್ಲೇಶಪ್ಪಾರು ಚಾ ತರಿಸಿ ಕುಡಿಸಿದ್ರು. ಇನ್ನ ಈ ಫೋನ್ ಬರಲೇಬಾರ್ದು ಅನ್ನಿಸ್ತು. ಅಲ್ಲೇ ಕುಂತು ಆ ಸಾಲು ಬರ್ದೆ. ಏನ್ ಬರೀತೀರಿ ಅಂತ ಅವ್ರು ಕೇಳಿದ್ರು. ಇನ್ಮ್ಯಾಗ ನಿಮಗೂ ತ್ರಾಸಿಲ್ಲ, ನನಗೂ ತ್ರಾಸಿಲ್ಲ ಅಂದೆ. ಪುಣ್ಯ ಕಟ್ಕೊಂಡ್ರಿ ಅಂತ ಹೇಳಿ, ತಮ್ಮ ಟವೆಲ್ ಕೊಟ್ರು, ಮುಖ ಒರಸ್ಕೊಳ್ಳಾಕ."

"ಯಾವ ಟವೆಲ್?"

"ಕೆಂಪಂದು ರಿ."

ಚೈತ್ರಶ್ರೀ ಅದನ್ನೂ ಬರೆದುಕೊಂಡಳು. ನಂತರ ಆ ಟವೆಲ್ ಇಟ್ಟಿದ್ದ ಮುದ್ದೆಮಾಲಿನ ಕೋಣೆಗೆ ಬೀಗ ಹಾಕಲು ಬೆನಕಪ್ಪನಿಗೆ ಹೇಳಿದಳು.