ಮುಚ್ಚಳದ ಮೇಲಿನ ಕುಂಕುಮ

ಫೆಬ್ರುವರಿ ಹತ್ತು, ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ ಕೊಡಿಗೇಹಳ್ಳಿ ಠಾಣೆಗೆ ಬಂದ ದೂರಿನ ತಲೆಬುಡ ಇನ್‌ಸ್ಪೆಕ್ಟರ್ ಶಾಂತಲಾಗೆ ಅರ್ಥವಾಗಲಿಲ್ಲ. ಕಿಣ್ವ ತಯಾರಿಸುವ ಕಂಪನಿಯ ಮ್ಯಾನೇಜರ್ ಗೋಕುಲ್ ಬರೆದುಕೊಟ್ಟಿದ್ದ: ಗೋದಾಮಿನಿಂದ ಹನ್ನೊಂದು ಕೆಜಿ ಲೈಪೇಸ್ ಮಾಯ.

“ಅದೇನ್ರೀ ಅದು?”

“ತುಪ್ಪ, ಡಾಲ್ಡಾ ಎಲ್ಲಾ ಎಸ್ಟರ್‌ಗಳು ಮೇಡಂ. ಆ ಎಸ್ಟರ್ ಒಡೆಯೋ ಕಿಣ್ವದ ಪುಡಿ. ಜಿಡ್ಡು ಕರಗಿಸುತ್ತೆ.”

“ಕದ್ದು ಯಾರಿಗೆ ಮಾರ್ತಾರೆ?”

“ಅದೇ ಗೊತ್ತಾಗ್ತಿಲ್ಲ.”

ಎಫ್‌ಐಆರ್ ಆಯಿತು, ಪಂಚನಾಮೆಯೂ ಆಯಿತು. ಬೀಗ ಒಡೆದಿರಲಿಲ್ಲ. ಒಳಗೆ ಹೋಗುತ್ತಿದ್ದವರು ಗೋಕುಲ್ ಮತ್ತು ನೆಲ ಒರೆಸುವ ಅಂಜಿನಮ್ಮ, ಇಬ್ಬರೇ. ಸಿಸಿಟಿವಿಯಲ್ಲಿ ಅಂಜಿನಮ್ಮನ ಟಿಫನ್ ಕ್ಯಾರಿಯರ್ ಬೆಳಿಗ್ಗೆಗಿಂತ ಸಂಜೆಗೇ ಭಾರವಾಗಿ ಕಾಣುತ್ತಿತ್ತು. ಉಂಡ ಮೇಲೆ ಭಾರವಾಗುವ ಕ್ಯಾರಿಯರನ್ನು ಶಾಂತಲಾ ಎಲ್ಲೂ ಕಂಡಿರಲಿಲ್ಲ.

ಮರುದಿನ ನಾಲ್ಕೂವರೆಗೆ ಅವಳೂ ಕಾನ್‌ಸ್ಟೇಬಲ್ ಸಾಕಿಬನೂ ಅಂಜಿನಮ್ಮನ ಹಿಂದೆ ನಡೆದರು. ಸ್ವೀಟ್ ಅಂಗಡಿಯ ಹಿಂದಿನ ಗಲ್ಲಿಯಲ್ಲಿ ಆಕೆ ಬಿಸಿನೀರಿಗೆ ಪುಡಿ ಕದಡಿ, ಮ್ಯಾನ್‌ಹೋಲ್ ಮುಚ್ಚಳದ ತೂತಿನಿಂದ ಸುರಿದಳು. ಆಮೇಲೆ ಮುಚ್ಚಳಕ್ಕೆ ಕುಂಕುಮ ಇಟ್ಟು ಕೈ ಮುಗಿದಳು.

“ಅದು ಗುಂಡಿಗೆ ಇಳಿಯೋರ ಪೂಜೆ ಮೇಡಂ,” ಎಂದ ಸಾಕಿಬ್. “ಜೀವಂತ ಮೇಲಕ್ಕೆ ಬರ್ಲಿ ಅಂತ.”

ಶಾಂತಲಾ ಹತ್ತಿರ ಹೋದಳು. “ಯಾರಮ್ಮ ಇಳಿಯೋದು?”

“ನಮ್ ಯಜಮಾನ್ರು, ಮುನಿವೆಂಕಟಯ್ಯ. ಅಂಗಡಿ ಜಿಡ್ಡು ಕಟ್ಕೊಂಡಾಗೆಲ್ಲ ಕಂಟ್ರಾಕ್ಟರ್ ಇಳಿಸೋನು. ಓದ್ ವರ್ಷ ಗ್ಯಾಸಿಗೆ ಗ್ಯಾನ ತಪ್ಪಿ, ಅಗ್ಗ ಕಟ್ಟಿ ಎಳುದ್ರು. ಈ ಪುಡಿ ಉಯ್ಯೋಕೆ ಸುರು ಮಾಡಿ ಎಂಟು ವಾರ ಆಯ್ತು ಮೇಡಂ. ಒಂದ್ಸಲಾನೂ ಕಟ್ಕೊಂಡಿಲ್ಲ.”

“ಮತ್ತೆ ಪೂಜೆ ಯಾಕೆ?”

“ಮೊದ್ಲು ಬೇಡ್ಕೊಳ್ಳೋಕೆ ಮಾಡ್ತಿದ್ದೆ. ಈಗ ಉಳಿಸಿಕೊಟ್ಟಿದ್ದಕ್ಕೆ.”

ಐದು ಹತ್ತಕ್ಕೆ, ಹೆಂಗಸರ ಬಂಧನದ ನಿಯಮದಂತೆ ಸೂರ್ಯ ಮುಳುಗುವ ಮುಂಚೆಯೇ, ಶಾಂತಲಾ ಆಕೆಯನ್ನು ಬಂಧಿಸಿದಳು. ಕ್ಯಾರಿಯರ್ ಜಪ್ತಿಯಾಯಿತು. ಗೋಕುಲ್ ಠಾಣೆಗೆ ಬಂದು ಆಕೆಯ ಹೇಳಿಕೆ ಓದಿದ.

“ಕೇಸ್ ವಾಪಸ್ ತಗೋಬಹುದಾ?”

“ಕೋರ್ಟಲ್ಲಿ ಹೇಳಿ. ಹೇಳಿದ್ರೆ ದೊಡ್ಡ ಉಪಕಾರ.”

ಅಷ್ಟರಲ್ಲಿ ಮುನಿವೆಂಕಟಯ್ಯ ಓಡಿ ಬಂದು ಹೆಂಡತಿಯ ಪಕ್ಕ ಕೂತ. “ನಂಗೊಂದು ಮಾತು ಏಳ್ಬಾರ್ದಾ?” ಎಂದು ಬೈಯುತ್ತಲೇ ಅವಳ ಕೈ ಹಿಡಿದುಕೊಂಡ. ಅವನ ಮೈಯಿಂದ ಬರೀ ಸೋಪಿನ ವಾಸನೆ ಬರುತ್ತಿತ್ತು.

ಶಾಂತಲಾ ಎರಡನೆಯ ಎಫ್‌ಐಆರ್ ಶುರು ಮಾಡಿದಳು. ಆರೋಪಿ, ಮನುಷ್ಯರನ್ನು ಗುಂಡಿಗೆ ಇಳಿಸುತ್ತಿದ್ದ ಕಂಟ್ರಾಕ್ಟರ್. ಇಂಥ ಕೇಸುಗಳಲ್ಲಿ ಇಷ್ಟು ವರ್ಷ ಅವಳು ಬರೆದದ್ದು ಮೃತರ ಹೆಸರು. ಇಂದು ಮುನಿವೆಂಕಟಯ್ಯನ ಹೆಸರನ್ನು ಸಾಕ್ಷಿ ಎಂದು ಬರೆದಳು. ಬೆಂಚಿನ ಮೇಲಿದ್ದ ಕಳ್ಳಿಗೆ ಮನಸ್ಸಿನಲ್ಲೇ ಕೈ ಮುಗಿದಳು.